ಸೂಜಿಗೆ ಎಷ್ಟು ಅಂಕ

ಸೂಜಿ ಚುಚ್ಚಿದ್ದು ನನ್ನ ನಾದಿನಿಗೆ. ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು. ಅವಳು ಕಿರುಚಲಿಲ್ಲ. ನಮ್ಮ ಕೋಣೆಯಲ್ಲಿ ಯಾರೂ ಕಿರುಚುವುದಿಲ್ಲ. ಚೀಲದಿಂದ ಕೈ ಹೊರಗೆಳೆದಳು, ಕೈಗವಸು ಕಳಚಿದಳು, ಮೂಲೆಯ ಬ್ಲೀಚಿಂಗ್ ತೊಟ್ಟಿಗೆ ಹೋಗಿ ಬೆರಳು ಅದ್ದಿ ಗೋಡೆ ನೋಡುತ್ತ ನಿಂತಳು. ಅವಳು ನಿಂತ ರೀತಿಯಲ್ಲೇ ನನಗೆ ಗೊತ್ತಾಯಿತು.

"ಚುಚ್ತಾ?" ಅಂದೆ.

"ಏನಿಲ್ಲ ಅತ್ತಿಗೆ."

"ಎಲ್ಲಿ ಸೂಜಿ?"

ನಾನೇ ಚೀಲದ ಬಾಯಿ ಅಗಲಿಸಿ ನೋಡಿದೆ. ಆಪರೇಷನ್ ಕೋಣೆಯ ಹಸಿರು ಬಟ್ಟೆ, ರಕ್ತ ಹೆಪ್ಪುಗಟ್ಟಿ ಗಟ್ಟಿಯಾಗಿತ್ತು. ಅದರ ಮಡಿಕೆಯಲ್ಲಿ ಸೂಜಿ, ಸಿರಿಂಜಿನ ಸಮೇತ. ಸಿರಿಂಜಿನೊಳಗೆ ಇನ್ನೂ ಕೆಂಪಗೆ ಇತ್ತು.

"ಬ್ಲೀಚಿಂಗಲ್ಲಿ ಅದ್ದಿದೀನಲ್ಲ, ಎಲ್ಲ ಸತ್ತೋಗುತ್ತೆ ಬಿಡಿ" ಅಂದಳು. ಇದು ನಮ್ಮ ಕೋಣೆಯ ಮದ್ದು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಚುಚ್ಚಿದರೆ ತೊಟ್ಟಿಗೆ ಅದ್ದು, ಉರಿ ತಡೆಯುವಷ್ಟು ಹೊತ್ತು ಹಿಡಿ, ಮತ್ತೆ ಕೈಗವಸು ಹಾಕು. ಗಾಯಕ್ಕೆ ಬ್ಲೀಚಿಂಗ್ ಸೇರಿ ಚರ್ಮ ಸುಟ್ಟುಹೋಗುತ್ತದೆ, ಅಷ್ಟೇ. ನಮ್ಮಲ್ಲಿ ಅರ್ಧ ಜನರ ಬೆರಳ ತುದಿ ಬೆಳ್ಳಗೆ ಬಿರಿದಿರುವುದು ಅದರಿಂದಲೇ.

ನಮ್ಮದು ಆಸ್ಪತ್ರೆಯ ಹಿತ್ತಲಿನ ಲಾಂಡ್ರಿ. ಆಸ್ಪತ್ರೆಯದಲ್ಲ, ಗುತ್ತಿಗೆ ಕಂಪನಿಯದು. ಹಾಸಿಗೆಯ ಹೊದಿಕೆ, ರೋಗಿಯ ಅಂಗಿ, ಡಾಕ್ಟರ ಗೌನು ಎಲ್ಲ ಚೀಲದಲ್ಲಿ ತುಂಬಿ ಗಾಡಿಯಲ್ಲಿ ಬರುತ್ತವೆ. ಕೊಳೆ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಹೆಂಗಸರು ಅವನ್ನು ಬಿಚ್ಚಿ, ವಿಂಗಡಿಸಿ, ಯಂತ್ರದ ಬಾಯಿಗೆ ತುಂಬಬೇಕು. ವಾಂತಿ, ಮಲ, ಕೀವು, ರಕ್ತ. ಒದ್ದೆ ಬಟ್ಟೆಯ ಭಾರಕ್ಕೆ ಸೊಂಟ ಬಿದ್ದುಹೋಗುತ್ತದೆ. ಮನೆಗೆ ಹೋಗಿ ಎಷ್ಟು ಉಜ್ಜಿದರೂ ಊಟ ಮಾಡುವ ಕೈಯಲ್ಲಿ ಅದೇ ವಾಸನೆ. ಚೀಲದೊಳಗೆ ಏನೇನು ಸಿಗುತ್ತದೆ ಅಂತ ಕೇಳಬೇಡಿ. ಕತ್ತರಿ, ಹಲ್ಲಿನ ಸೆಟ್ಟು, ಹೊಲಿಗೆ ಹಾಕುವ ಡೊಂಕು ಸೂಜಿ, ಒಮ್ಮೆ ಯಾರದೋ ಕಾಲ್ಬೆರಳು. ವಾರ್ಡಿನವರು ಆತುರದಲ್ಲಿ ಬಟ್ಟೆಯ ಜೊತೆ ಸುತ್ತಿ ಎಸೆಯುತ್ತಾರೆ. ಅವರಿಗೇನು, ಎಸೆದ ಮೇಲೆ ಅದು ನಮ್ಮ ಪಾಲು.

ಕೈಗವಸು ಕೊಟ್ಟಿದ್ದಾರೆ, ಇಲ್ಲ ಅನ್ನುವುದಿಲ್ಲ. ಪಾತ್ರೆ ತೊಳೆಯುವವರು ಹಾಕಿಕೊಳ್ಳುವಂಥ ತೆಳು ರಬ್ಬರಿನದು. ನೀರನ್ನು ತಡೆಯುತ್ತದೆ, ಸೂಜಿಯನ್ನು ತಡೆಯುವುದಿಲ್ಲ. ದಪ್ಪ ಕೈಗವಸು ಕೊಡಿ, ಉದ್ದ ಇಕ್ಕಳ ಕೊಡಿ ಎಂದು ಕೇಳಿ ಕೇಳಿ ನಾಲಿಗೆ ಸವೆಯಿತು. ಸೂಪರ್‌ವೈಸರ್ ಹೇಳುವುದು ಒಂದೇ, "ಅಂಕ ಬಂದಿಲ್ಲ ಅತ್ತಿಗೆ. ಅಂಕ ಬಂದ್ರೆ ಕೊಡ್ತಾರೆ." ನಾದಿನಿ ಕೆಲಸಕ್ಕೆ ಸೇರಿದ ದಿನದಿಂದ ಇಡೀ ಲಾಂಡ್ರಿಗೆ ನಾನು ಅತ್ತಿಗೆ. ಅವನಿಗೂ.

ಅಂಕ ಅಂದರೆ ಅಪಾಯದ ಅಂಕ. ವರ್ಷಕ್ಕೊಮ್ಮೆ ಕಂಪನಿಯ ದೊಡ್ಡ ಕಚೇರಿಯಿಂದ ಸುರಕ್ಷತೆಯ ಅಧಿಕಾರಿ ಬರುತ್ತಾನೆ. ನಾವು ಅವನಿಗೆ ಮಾರ್ಕ್ಸ್ ಮೇಷ್ಟ್ರು ಅಂತ ಹೆಸರಿಟ್ಟಿದ್ದೇವೆ. ಇಲ್ಲಿ ನಡೆಯುವ ಒಂದೊಂದು ಕೆಲಸಕ್ಕೂ ಅವನು ಅಂಕ ಹಾಕುತ್ತಾನೆ. ಪೆಟ್ಟಾಗುವ ಸಾಧ್ಯತೆ ಎಷ್ಟು, ಒಂದರಿಂದ ಐದು. ಪೆಟ್ಟಾದರೆ ಅದು ಎಷ್ಟು ದೊಡ್ಡದು, ಒಂದರಿಂದ ಐದು. ಎರಡನ್ನೂ ಗುಣಿಸಿ, ಕಡಿಮೆ ಬಂದರೆ ಹಸಿರು ಬಣ್ಣ, ನಡುವೆ ಹಳದಿ, ಜಾಸ್ತಿ ಬಂದರೆ ಕೆಂಪು. ದಪ್ಪ ಕೈಗವಸು ಕೊಡುವುದು ಕೆಂಪು ಬಂದ ಕೆಲಸಕ್ಕೆ ಮಾತ್ರ. ಕೊಳೆ ಕೋಣೆಗೆ ಯಾವತ್ತೂ ಹಸಿರೇ. ಯಾಕೆಂದರೆ ಅಲ್ಲಿ ಸೂಜಿ ಚುಚ್ಚಿದ ದಾಖಲೆಯೇ ಅಪರೂಪ.

ದಾಖಲೆ ಎಲ್ಲಿಂದ ಬರಬೇಕು? ಗೇಟಿನ ಪಕ್ಕ ಎತ್ತರದಲ್ಲಿ ಒಂದು ಕಪ್ಪು ಹಲಗೆಯಿದೆ, 'ಅಪಘಾತವಿಲ್ಲದ ದಿನಗಳು' ಎಂದು. ಯಾರಿಗಾದರೂ ಪೆಟ್ಟಾಗಿ ದಾಖಲಾಯಿತು ಅನ್ನಿ, ಆ ಹೆಂಗಸೇ ಏಣಿ ಹತ್ತಿ, ಇಡೀ ಪಾಳಿಯ ಎದುರು ಅಂಕಿ ಅಳಿಸಿ ಸೊನ್ನೆ ಬರೆಯಬೇಕು. ಬರೆದು ಇಳಿದು "ನನ್ನ ಅಜಾಗರೂಕತೆ, ಕ್ಷಮಿಸಿ" ಅನ್ನಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮನ್ನು ಮನೆ ಕಡೆ ಬಿಡುವ ವ್ಯಾನು ಆ ದಿನದಿಂದ ಒಂದು ತಿಂಗಳು ಬಂದ್. ಎಲ್ಲರಿಗೂ. ದಿನವಿಡೀ ನಿಂತ ಕಾಲಲ್ಲಿ ಲಾರಿ ಓಡಾಡುವ ಹೆದ್ದಾರಿಯ ಅಂಚಿಗೆ ನಡೆದುಕೊಂಡು ಹೋಗಬೇಕು. ಈಗ ಹೇಳಿ, ಚುಚ್ಚಿತು ಅಂತ ಯಾರು ಬಾಯಿ ಬಿಡುತ್ತಾರೆ? ಕಂಪನಿ ನಮ್ಮ ಮೇಲೆ ಕಾವಲಿಗೆ ನಮ್ಮನ್ನೇ ನಿಲ್ಲಿಸಿದೆ.

ಒಬ್ಬಳು ಬಾಯಿ ಬಿಟ್ಟಿದ್ದಳು. ಅವಳ ಹೆಸರು ಈಗ ಸೊನ್ನೆಯಕ್ಕ. ಹಿಂದೊಂದು ವರ್ಷ ಚುಚ್ಚಿದಾಗ ಹೆದರಿ, ಸೂಜಿ ಅಂತಲೇ ಕಂಪನಿಯ ಚೀಟಿ ಬರೆಸಿಕೊಂಡು ನೇರ ಆಸ್ಪತ್ರೆಗೆ ಓಡಿದಳು. ಡಾಕ್ಟರು ರೋಗ ಅಂಟದ ಹಾಗೆ ಒಂದು ತಿಂಗಳ ಮಾತ್ರೆ ಕೊಟ್ಟು, "ಬೇಗ ಬಂದೆ, ಒಳ್ಳೇದಾಯ್ತು. ತಡ ಆದ್ರೆ ಈ ಮಾತ್ರೆ ನುಂಗಿದ್ರೂ ಒಂದೇ ಬಿಟ್ರೂ ಒಂದೇ" ಅಂದರಂತೆ. ಅವಳ ಜೀವ ಉಳಿಯಿತು. ಆ ತಿಂಗಳು ವ್ಯಾನು ಇರಲಿಲ್ಲ. ಅವಳ ಜೊತೆ ಮಾತೂ ನಿಂತಿತು. ಇವತ್ತಿಗೂ ಒಬ್ಬಳೇ ಕೂತು ಬುತ್ತಿ ಬಿಚ್ಚುತ್ತಾಳೆ.

ನನ್ನ ನಾದಿನಿಗೆ ಹೆರಿಗೆಯಾಗಿ ಇನ್ನೂ ಹೆಚ್ಚು ದಿನವಾಗಿಲ್ಲ. ಕೂಸಿಗೆ ಅವಳ ಹಾಲೇ ಆಧಾರ. ಆ ಸಿರಿಂಜಿನ ಕೆಂಪು ಯಾರದು, ಅದರಲ್ಲಿ ಯಾವ ರೋಗವಿತ್ತು? ಅವಳ ರಕ್ತಕ್ಕೆ ಬಂದರೆ ಹಾಲಿಗೂ ಬರುವುದಿಲ್ಲವೇ? ಅವಳ ರಟ್ಟೆ ಹಿಡಿದು ಎಳೆದುಕೊಂಡು ಸೂಪರ್‌ವೈಸರ್ ಹತ್ತಿರ ಹೋದೆ.

"ಸಾರ್, ಇವಳಿಗೆ ಸೂಜಿ ಚುಚ್ಚಿದೆ. ಚೀಟಿ ಬರ್ಕೊಡಿ, ಆಸ್ಪತ್ರೆಗೆ ಹೋಗಿ ಬರ್ಲಿ." ಚೀಟಿ ಇಲ್ಲದೆ ಪಾಳಿಯ ನಡುವೆ ಗೇಟು ದಾಟಲು ಬಿಡುವುದಿಲ್ಲ.

ಅವನು ಆಚೀಚೆ ನೋಡಿ ದನಿ ಇಳಿಸಿದ. "ಇವತ್ತೇ ಚುಚ್ಚಿಸ್ಕೋಬೇಕಿತ್ತಾ? ಇನ್ನೇನು ಅಧಿಕಾರಿ ಬರ್ತಾ ಇದಾರೆ, ಅಂಕ ಹಾಕೋಕೆ. ಕಾರ್ಮಿಕರ ಪರವಾಗಿ ನಿಮ್ಮನ್ನೇ ಕೂರ್ಸೋಣ ಅಂತಿದ್ದೆ."

"ಅದೇನಾದ್ರೂ ಆಗ್ಲಿ, ಚೀಟಿ ಕೊಡಿ."

"ಕೊಡ್ತೀನಿ. ಈಗ್ಲೇ ಕೊಡ್ತೀನಿ." ಪೆನ್ನು ತೆಗೆದ. "ಜ್ವರ ಅಂತ ಬರೀತೀನಿ. ಗೇಟು ದಾಟಿದ್ಮೇಲೆ ಡಾಕ್ಟರ ಹತ್ರ ಏನು ಬೇಕೋ ಹೇಳ್ಕೊಳ್ಲಿ. ನೀವು ಬಂದು ಕೂತು ಹೂಂ ಅನ್ನಿ, ಕೊನೇಲಿ ಒಂದು ಸಹಿ. ನಂಗೂ ಕಷ್ಟ ಬೇಡ, ನಿಮಗೂ ಬೇಡ. ವ್ಯಾನೂ ಉಳಿಯುತ್ತೆ."

ಮೈಯೆಲ್ಲ ಉರಿಯಿತು. ಆದರೆ ನನಗೆ ಬೇಕಾದದ್ದು ಅವಳು ಆ ಗೇಟು ದಾಟುವುದು. ಚೀಟಿ ಇಸಿದುಕೊಂಡು ಅವಳ ಕೈಗೆ ತುರುಕಿದೆ. "ಓಡು ಕಣೇ. ಸೂಜಿ ಚುಚ್ಚಿದ್ದು ಅಂತ ಬಾಯ್ಬಿಟ್ಟು ಹೇಳು" ಅಂದೆ.

ಸಭೆಯ ಕೋಣೆಯಲ್ಲಿ ಎ.ಸಿ. ಇತ್ತು, ಕಾರ್ಪೆಟ್ ಇತ್ತು. ಏಪ್ರನ್ ಬಿಚ್ಚಿ ಬಾ ಅಂದರು, ಬಿಚ್ಚಿದೆ. ಮೇಜಿನ ಸುತ್ತ ಮೆತ್ತನೆಯ ಕುರ್ಚಿಗಳಲ್ಲಿ ಮ್ಯಾನೇಜರ್, ಮಾರ್ಕ್ಸ್ ಮೇಷ್ಟ್ರು, ಸೂಪರ್‌ವೈಸರ್. ನನಗೆ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ. ಮೇಷ್ಟ್ರು ಒಳ್ಳೆಯ ಮಾತಿನವನು. ನನಗೂ ಟೀ ಕೊಡಿಸಿದ. "ಹೆದರ್ಕೋಬೇಡಿ ಅಮ್ಮ, ಇದೆಲ್ಲ ನಿಮ್ಮ ಒಳ್ಳೇದಕ್ಕೇ ಮಾಡೋದು" ಅಂದ.

ಗೋಡೆಯ ಮೇಲೆ ಪಟ್ಟಿ ಮೂಡಿತು. ಸಾಲು ಸಾಲಾಗಿ ಓದುತ್ತ ಹೋದ. ಒದ್ದೆ ನೆಲದಲ್ಲಿ ಜಾರುವುದು, ಇಷ್ಟು. ಇಸ್ತ್ರಿ ಯಂತ್ರದ ಬಿಸಿ, ಇಷ್ಟು. ಪ್ರತಿಸಲ ನನ್ನ ಕಡೆ ತಿರುಗಿ "ಸರಿನಾಮ್ಮ?" ಅನ್ನುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಮನಸ್ಸೆಲ್ಲ ಆಸ್ಪತ್ರೆಯ ಮಾತ್ರೆ ಕೊಡುವ ಕಿಟಕಿಯ ಹತ್ತಿರ. ಕಚೇರಿಯ ಕಾಫಿ ಯಂತ್ರಕ್ಕೂ ಒಂದು ಸಾಲಿತ್ತು. ಈ ವರ್ಷ ಒಮ್ಮೆ ಮ್ಯಾನೇಜರ ಕೈ ಮೇಲೆ ಬಿಸಿನೀರು ಚೆಲ್ಲಿತ್ತಂತೆ, ದಾಖಲೆಯಾಗಿತ್ತು. ಮೂರು ಗುಣಿಸು ಮೂರು, ಒಂಬತ್ತು. ಹಳದಿ. ಅದಕ್ಕೊಂದು ಹೊಸ ಮುಚ್ಚಳ ಬರುತ್ತದೆ ಅಂದರು. ಮ್ಯಾನೇಜರ ಸೊನ್ನೆ ಯಾವ ಹಲಗೆಯ ಮೇಲಿತ್ತು ಅಂತ ಕೇಳುವವರು ಅಲ್ಲಿರಲಿಲ್ಲ.

"ಕೊಳೆ ಬಟ್ಟೆ ವಿಂಗಡಣೆ. ಸೂಜಿ ಚುಚ್ಚುವುದು" ಎಂದು ಮೇಷ್ಟ್ರು ಓದಿದ.

"ಈ ವರ್ಷ ಒಂದೂ ಪ್ರಕರಣ ಇಲ್ಲ ಸಾರ್" ಅಂದ ಸೂಪರ್‌ವೈಸರ್. ನನ್ನ ಮುಖ ನೋಡಲಿಲ್ಲ.

"ಹಾಗಾದ್ರೆ ತೀರಾ ಅಪರೂಪ. ಸಾಧ್ಯತೆ ಒಂದು. ಪೆಟ್ಟು... ಸಣ್ಣ ಗಾಯ ತಾನೇ, ಎರಡು ಹಾಕೋಣ. ಒಂದೆರಡ್ಲಿ ಎರಡು. ಹಸಿರು. ಸರಿನಾಮ್ಮ?"

ನಾನು ಟೀ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ನಾದಿನಿ ನಿಂತಿದ್ದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಕುಪ್ಪಸದ ಎದೆಯ ಭಾಗ ಹಾಲಿಳಿದು ಒದ್ದೆಯಾಗಿತ್ತು. ಕೈಯಲ್ಲಿ ನಾಲ್ಕು ಮಾತ್ರೆ.

"ಅತ್ತಿಗೆ, ಚೀಟೀಲಿ ಜ್ವರ ಅಂತಿದೆ, ಅದ್ಕೇ ಜ್ವರದ ಮಾತ್ರೆ ಕೊಟ್ರು. ಸೂಜಿ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಸೂಜಿ ಮಾತ್ರೆ ಬೇಕಾದ್ರೆ ಕಂಪನಿಯಿಂದ ಸೂಜಿ ಅಂತ ಬರ್ಸ್ಕೊಂಡು ಬಾ ಅಂದ್ರು."

ನಾನು ಎದ್ದು ನಿಂತೆ. "ಸರಿಯಿಲ್ಲ ಸಾರ್" ಅಂದೆ.

"ಏನು ಸರಿಯಿಲ್ಲ?"

"ನೀವು ಹಾಕಿದ ಅಂಕ. ಇವಳಿಗೆ ಇವತ್ತು ಬೆಳಿಗ್ಗೆ ಚುಚ್ಚಿದೆ. ಇವರಿಗೆ ಹೇಳಿದ್ವಿ. ಇವರು ಜ್ವರ ಅಂತ ಬರೆದ್ರು."

ಸೂಪರ್‌ವೈಸರ್ ಕುರ್ಚಿಯಲ್ಲೇ ಹೊರಳಾಡಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ. "ನೋಡಿ ಅಮ್ಮ, ನನಗೆ ಬೇಜಾರೇ. ಆದ್ರೆ ದಾಖಲಾಗದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಹಾಗಾದ್ರೆ ಈಗ ದಾಖಲು ಮಾಡಿ. ಸೂಜಿ ಅಂತ ಬರ್ಕೊಡಿ."

ಮ್ಯಾನೇಜರ್ ಮೊದಲ ಸಲ ಬಾಯಿ ತೆರೆದ. "ಬರೆಯೋದು ಏನು ದೊಡ್ಡದಲ್ಲ. ವ್ಯಾನ್ ನಿಲ್ಲುತ್ತೆ. ಹೊರಗೆ ಹೋಗಿ ನಿಮ್ಮವರನ್ನೇ ಕೇಳ್ಕೊಂಡು ಬನ್ನಿ, ಅವ್ರು ಒಪ್ತಾರಾ ಅಂತ." ಹೇಳಿ ಸಣ್ಣಗೆ ನಕ್ಕ.

ಆ ನಗು ನೋಡಿ ನನಗೆ ಅಳು ಬಂತು. ಸಿಟ್ಟಿಗೆ ಬಂದ ಅಳು. ಹೊರಗೆ ಬಂದೆ. ಕೊಳೆ ಕೋಣೆಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ನನ್ನ ನಾದಿನಿಗೆ ಚುಚ್ಚಿದೆ. ನಾನು ಬರೆಸ್ತೀನಿ. ವ್ಯಾನ್ ನಿಲ್ಲುತ್ತೆ. ಬೈಯೋರು ಬೈಕೊಳ್ಳಿ."

ಕೈಗಳು ನಿಂತವು. ಮಂಡಿಯಕ್ಕ ಮುಂದೆ ಬಂದಳು. ಎರಡೂ ಮಂಡಿ ಊದಿಸಿಕೊಂಡು ಕುಂಟುವವಳು, ನಮ್ಮೆಲ್ಲರಿಗಿಂತ ಹಿರಿಯಳು. "ನನ್ ಕಾಲು ನೋಡಿದೀಯಾ?" ಅಂದಳು. "ನಿನ್ನ ನಾದಿನಿ ಜೀವ ಜೀವ, ನಮ್ದೇನು ಕಡ್ಡಿಪೊರಕೆನಾ? ನಂಗೂ ಚುಚ್ಚಿದೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಬಾಯಿ ಮುಚ್ಕೊಂಡು ಇದೀನಿ ತಾನೆ?"

"ಇದೀಯಲ್ಲ, ಅದ್ಕೇ ಹಸಿರು ಹಾಕ್ತಿದಾರೆ" ಅಂದೆ. "ಅಲ್ಲಿ ಕಾಫಿ ಯಂತ್ರಕ್ಕೆ ಒಂಬತ್ತು ಬಂತು ಕಣಕ್ಕ. ನಿನ್ ಕೈಗೆ ಎರಡು."

ಅವಳು ನನ್ನನ್ನೇ ನೋಡುತ್ತ ನಿಂತಳು, ಆಮೇಲೆ ಮುಖ ತಿರುಗಿಸಿದಳು. ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಬಾಗಿಲ ಬಳಿ ಆಪರೇಷನ್ ಕೋಣೆಯ ಬಟ್ಟೆಯ ಗಾಡಿ ತುಂಬಿ ನಿಂತಿತ್ತು. ಅದನ್ನೇ ಎಳೆದೆ. ಒಬ್ಬಳಿಗೆ ಜಗ್ಗುವ ಗಾಡಿಯಲ್ಲ ಅದು. ಹಿಂದಿನಿಂದ ಯಾರೋ ತಳ್ಳಿದರು. ತಿರುಗಿ ನೋಡಿದರೆ ಸೊನ್ನೆಯಕ್ಕ.

"ನೀನ್ಯಾಕೆ ಬಂದೆ?" ಅಂದೆ.

"ನನ್ ಜೊತೆ ಹೇಗೂ ಯಾರೂ ಮಾತಾಡಲ್ಲ" ಅಂದಳು. "ಎಳಿ."

ಗಾಡಿ ಕಾರ್ಪೆಟ್ಟಿನ ಮೇಲೆ ಹತ್ತಿತು. ಚಕ್ರದ ಹಿಂದೆ ಎರಡು ಒದ್ದೆ ಗೆರೆ ಮೂಡಿದವು. ಮ್ಯಾನೇಜರ್ ಎದ್ದು ನಿಂತು ಮೂಗಿಗೆ ಕರವಸ್ತ್ರ ಒತ್ತಿಕೊಂಡ. ಎ.ಸಿ. ಆ ವಾಸನೆಯನ್ನು ಇಡೀ ಕೋಣೆಗೆ ಹರಡಿತು. ನಾನು ಮೇಲಿನ ಚೀಲ ತೆಗೆದು ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಇಟ್ಟು ಗಂಟು ಬಿಚ್ಚಿದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ಕೈಗವಸು ತೆಗೆದು ಮೇಷ್ಟ್ರ ಮುಂದೆ ಹಾಕಿದೆ.

"ಒಂದು ಅಂದ್ರಲ್ಲ ಸಾರ್, ಅಪರೂಪ ಅಂದ್ರಲ್ಲ. ಕೈ ಹಾಕಿ. ಒಂದೇ ಒಂದು ಚೀಲ. ನಾವು ದಿನಾ ಎಷ್ಟು ಬಿಚ್ತೀವೋ ಅದರ ಲೆಕ್ಕ ಬೇಡ."

"ಇದು ಹೀಗೆಲ್ಲ ಮಾಡೋ ವಿಷಯ ಅಲ್ಲಮ್ಮ. ಇದಕ್ಕೊಂದು ಪದ್ಧತಿ ಇದೆ."

"ನಮ್ಮ ಪದ್ಧತಿ ಇದೇ. ಹಿಂಗೇ ಕೈ ಹಾಕೋದು."

ಅವನು ಕೈಗವಸನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ನಾನು ಮ್ಯಾನೇಜರ್ ಕಡೆ ನೋಡಿದೆ. ಅವನು ಕಿಟಕಿಯ ಹತ್ತಿರ ಹೋಗಿಯಾಗಿತ್ತು. ಸೂಪರ್‌ವೈಸರ್ ಒಬ್ಬ ಉಳಿದ. ಒಂದೂ ಪ್ರಕರಣ ಇಲ್ಲ ಅಂದವನು.

"ನೀವಾದ್ರೂ ಹಾಕಿ ಸಾರ್."

ಅವನು ಚೀಲದ ಬಾಯಿಯನ್ನೇ ನೋಡುತ್ತಿದ್ದ. "ಅತ್ತಿಗೆ, ನಂಗೂ ಮಕ್ಕಳಿದಾರೆ" ಅಂದ, ಬಹಳ ಮೆಲ್ಲಗೆ.

"ಇವಳಿಗೂ ಇದೆ. ಇನ್ನೂ ಹಾಲು ಬಿಡ್ಸಿಲ್ಲ."

ನಾದಿನಿ ಬಾಗಿಲಿಗೆ ಒರಗಿ ಬಿಕ್ಕುತ್ತಿದ್ದಳು. "ಬರ್ದು ಕೊಡ್ರಿ ಅದನ್ನ, ಮೊದ್ಲು ಈ ಗಾಡಿ ತೊಲಗ್ಲಿ" ಅಂದ ಮ್ಯಾನೇಜರ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ. ಸೂಪರ್‌ವೈಸರ್ ಬರೆದ. ಸೂಜಿ ಅಂತ ಬರೆದಿದ್ದಾನೋ ಇಲ್ಲವೋ ಎಂದು ನಾನು ಓದಿ ನೋಡಿ ಆಮೇಲೆ ಅವಳನ್ನು ಕಳಿಸಿದೆ. ಸೊನ್ನೆಯಕ್ಕ ಜೊತೆಗೆ ಹೋದಳು.

ಮಾತ್ರೆ ಸಿಕ್ಕಿತು. ನನ್ನ ಗೇಟ್ ಪಾಸು ಅವತ್ತು ಸಂಜೆಯೇ ಕಿತ್ತುಕೊಂಡರು. ವ್ಯಾನು ಬರಲಿಲ್ಲ. ಹಲಗೆಗೆ ಸೊನ್ನೆ ಬರೆಯಲು ನಾದಿನಿಯನ್ನು ಕರೆದರೆ ಅವಳು ಮಾತ್ರೆಯ ಕಾವಿಗೆ ಚರಂಡಿಯ ಪಕ್ಕ ಕೂತು ವಾಂತಿ ಮಾಡುತ್ತಿದ್ದಳು. ಕೊನೆಗೆ ಸೂಪರ್‌ವೈಸರನೇ ಏಣಿ ಹತ್ತಿದ. ನಾವೆಲ್ಲ ಹೆದ್ದಾರಿ ಅಂಚಿಗೆ ನಡೆದು ಬಂದೆವು. ಮಂಡಿಯಕ್ಕ ದಾರಿಯುದ್ದಕ್ಕೂ ನನ್ನನ್ನು, ನನ್ನ ಗಂಡನನ್ನು, ಹೆತ್ತವರನ್ನು ಸೇರಿಸಿ ಬೈದಳು. ಅವಳು ಪ್ರತಿ ಹೆಜ್ಜೆಗೂ ನರಳುವುದು ಕೇಳುತ್ತಿತ್ತು.

ಈಗ ನಾನು ಮನೆಯಲ್ಲಿ ಕೂಸನ್ನು ನೋಡಿಕೊಳ್ಳುತ್ತೇನೆ. ಮಾತ್ರೆ ಮುಗಿದು, ರಕ್ತದ ಪರೀಕ್ಷೆಯಾಗಿ ಗೊತ್ತಾಗುವವರೆಗೆ ಎದೆಹಾಲು ಕೊಡಬೇಡ ಅಂದಿದ್ದಾರೆ ಡಾಕ್ಟರು. ಕೂಸು ಬಾಟಲಿ ಬಾಯಿಗಿಟ್ಟರೆ ಮುಖ ಸಿಂಡರಿಸಿ ಉಗಿಯುತ್ತದೆ. ಅಮ್ಮ ಬಂದ ಸದ್ದಾದರೆ ಕೈಯಲ್ಲಿ ನಿಲ್ಲುವುದಿಲ್ಲ. ಅವಳು ಅದನ್ನು ಎತ್ತಿಕೊಳ್ಳದೆ ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಲು ಕಟ್ಟಿ ಎದೆ ಕಲ್ಲಾಗಿರುತ್ತದೆ, ಹಿಂಡಿ ತೆಗೆಯಬೇಕು.

ನಿನ್ನೆ ಹಾಗೆ ಕೂತಿದ್ದಾಗ ಒಳಗಿನಿಂದಲೇ ಹೇಳಿದಳು, ಅಂಕದ ಕಾಗದ ತಯಾರಾಗಿ ಬಂದಿದೆಯಂತೆ. ಕಾಫಿ ಯಂತ್ರ ಒಂಬತ್ತೇ. ಸೂಜಿಗೆ ಸಾಧ್ಯತೆ ಎರಡು ಮಾಡಿದ್ದಾರೆ, ಎರಡೆರಡ್ಲಿ ನಾಲ್ಕು, ಈಗಲೂ ಹಸಿರು. ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ, 'ಕಾರ್ಮಿಕರ ಅಶಿಸ್ತು' ಅಂತ. ಐದೈದ್ಲಿ ಇಪ್ಪತ್ತೈದು. ಪರಿಹಾರ, ಅಂಥವರನ್ನು ತೆಗೆದುಹಾಕುವುದು. ಇಡೀ ಲಾಂಡ್ರಿಯಲ್ಲಿ ಕೆಂಪು ಬಂದದ್ದು ನನಗೊಬ್ಬಳಿಗೇ.

"ಕಾರ್ಮಿಕರ ಸಹಿ ಬೇಕಲ್ಲ" ಅಂದೆ ಬಾಗಿಲಾಚೆಯಿಂದ. "ಯಾರು ಹಾಕಿದ್ರು?"

"ಮೊದ್ಲು ಮಂಡಿಯಕ್ಕನ್ನ ಕರೆದ್ರು. ಸಹಿ ಹಾಕಿದ್ರೆ ನಾಳೆಯಿಂದ್ಲೇ ವ್ಯಾನ್ ಬಿಡ್ತೀವಿ ಅಂದ್ರು."

ಹಾಕಿರುತ್ತಾಳೆ ಅಂದುಕೊಂಡೆ. ಆ ಕಾಲು ನೋಡಿದವರು ಯಾರೂ ಅವಳನ್ನು ತಪ್ಪು ಅನ್ನುವುದಿಲ್ಲ.

"ಆ ಚೀಲಕ್ಕೆ ನೀವೊಂದ್ಸಲ ಕೈ ಹಾಕಿ ಸಾರ್, ಆಮೇಲೆ ಸಹಿ ಹಾಕ್ತೀನಿ ಅಂದ್ಳಂತೆ, ಅತ್ತಿಗೆ. ಅಂದು ಕುಂಟ್ಕೊಂಡು ವಾಪಸ್ ಬಂದ್ಬಿಟ್ಳು. ಆಮೇಲೆ ಒಬ್ಬೊಬ್ಬರನ್ನೇ ಕರೆದ್ರು. ಯಾರೂ ಹಾಕ್ಲಿಲ್ಲ."

"ನಿನ್ನನ್ನ ಕರೀಲಿಲ್ವಾ?"

ಒಳಗೆ ತಂಬಿಗೆಗೆ ಹಾಲು ಬೀಳುವ ಸದ್ದು.

"ಕರೆದ್ರು. ನಾನು ಕೈ ಹಾಕಿದ್ದಾಯ್ತಲ್ಲ ಸಾರ್, ಈಗ ನಿಮ್ಮ ಸರದಿ ಅಂದೆ."

ಆಮೇಲೆ ಅವಳು ತಂಬಿಗೆಯ ಹಾಲನ್ನು ಬಚ್ಚಲಿಗೆ ಸುರಿದು, ನೀರು ಹಾಕಿ ತೊಳೆದಳು.